ಉಪ ಎಂಬ ಎರಡಕ್ಷರ

ಮಾನ್ಯ ಅಧ್ಯಕ್ಷರೇ, ಆಕಾಶದಲ್ಲೇ ವಾಸವಿದ್ದು ಅಪರೂಪಕ್ಕೆ ಭೂಮಿಗಿಳಿದಿರುವ ಉಪಗ್ರಹ ವೀಕ್ಷಕರ ಸಂಘದ ಸದಸ್ಯರೇ, ಇಂದು ಸನ್ಮಾನಗೊಂಡ ನನ್ನ ಶ್ರೀಮತಿಯವರೇ, ತಿಂಡಿಗಾಗಿ ತಾಳ್ಮೆಯಿಂದ ಕಾದಿರುವ ಸಭಿಕರೇ,

ಸನ್ಮಾನಿತರ ಗಂಡ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಮಾತಿಗೆ ಕರೆದಿದ್ದೀರಿ. ಎಲ್ಲರಿಗೂ ಗ್ರಹಚಾರ ಗ್ರಹಗಳಿಂದ ಬಂದರೆ ನನಗೆ ಉಪಗ್ರಹಗಳಿಂದ ಬಂತು. ಸಂಜೆಯಾದರೆ ಶ್ರೀಮತಿಯವರು ದುರ್ಬೀನು ಕೊರಳಿಗೆ ಹಾಕಿಕೊಂಡು ತಾರಸಿ ಹತ್ತುತ್ತಾರೆ. ಕೆಳಗೆ ಹಾಲು ಉಕ್ಕಲಿ, ಗಂಡ ಉಕ್ಕಲಿ, ಇಳಿಯುವುದಿಲ್ಲ. ಒಮ್ಮೆ ಸಂಘದವರೆಲ್ಲ ಅಲ್ಲಿ ಸೇರಿದ್ದಾಗ ನಾನೂ ಹತ್ತಿದೆ. ಹೊಳೆಯುವ ಚುಕ್ಕೆಯೊಂದನ್ನು ತೋರಿಸಿ, "ಅಗೋ, ನಿಮ್ಮ ಉಪಗ್ರಹ" ಎಂದೆ. ಇಡೀ ಸಂಘ ಗೊಳ್ಳೆಂದು ನಕ್ಕಿತು.

"ಅದು ಮಿಣಮಿಣ ಅಂತಿದೆಯಲ್ಲ ರೀ, ವಿಮಾನ. ಉಪಗ್ರಹ ಸದ್ದಿಲ್ಲದೆ, ಮಿನುಗದೆ ಹೋಗುತ್ತೆ" ಎಂದಳು ಇವಳು. ಮರ್ಯಾದಸ್ಥ ಮನುಷ್ಯ ಎಷ್ಟು ಸಲ ನಗೆಪಾಟಲಾಗಬೇಕು? ಅಂದಿನಿಂದ ನಾನು ತಾರಸಿಗೆ ಕಾಲಿಟ್ಟಿಲ್ಲ.

ಮಹನೀಯರೇ, ಉಪ ಎಂದರೇನು ಎಂದು ನನ್ನನ್ನು ಕೇಳಿ. ಕೆಲಸದುದ್ದಕ್ಕೂ ನಾನು ಉಪವ್ಯವಸ್ಥಾಪಕ. ನಾನೇ ಕೆಲಸ ಕಲಿಸಿದ ಹುಡುಗರು ವ್ಯವಸ್ಥಾಪಕರಾಗಿ ಬಂದರು, ಹೋದರು. ನನ್ನ ಬಾಗಿಲ ಫಲಕದಿಂದ ಆ ಎರಡಕ್ಷರ ಮಾತ್ರ ಕದಲಲಿಲ್ಲ. ನಿವೃತ್ತಿಯ ಸಂಜೆ ಮನೆಯಲ್ಲಿ ಇದನ್ನೇ ಹೇಳಿ ಕೂಗಾಡಿದೆ. ಇವಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು.

"ಉಪ ಅಂದ್ರೆ ಕೆಳಗಿನದು ಅಂತ ಮಾತ್ರ ಅಲ್ಲ ರೀ, ಹತ್ತಿರ ಅಂತಲೂ ಅರ್ಥ ಇದೆ. ಬನ್ನಿ, ಇವತ್ತು ಆಕಾಶ ಚೆನ್ನಾಗಿದೆ" ಎಂದಳು.

ಆ ವಯಸ್ಸಿನಲ್ಲಿ ನನಗೆ ವ್ಯಾಕರಣ ಪಾಠವೇ? ಟಿವಿ ಹಾಕಿಕೊಂಡು ಕೂತೆ. ಆಮೇಲೆ ಇವಳು ಕರೆಯಲೇ ಇಲ್ಲ. ಕರೆಯದಿದ್ದುದೇ ಒಳ್ಳೆಯದಾಯಿತು. ದಿನವೂ ಸಂಜೆ ಟಿವಿಯ ಸದ್ದು ತಗ್ಗಿಸಿ ಮೆಟ್ಟಿಲ ಕಡೆ ಕಿವಿಗೊಡುತ್ತಿದ್ದೆ, ಅದು ಬೇರೆ ವಿಚಾರ.

ಇದೇನು, ಸನ್ಮಾನಿತರ ಕುರ್ಚಿ ಖಾಲಿ? ಮೊದಲ ಸಾಲೂ ಖಾಲಿ, ಕೊನೆಯ ಸಾಲೂ ಖಾಲಿ. ಅಧ್ಯಕ್ಷರೇ, ನೀವೂ ಎದ್ದಿರಾ? ಉಪಗ್ರಹ ಬರುವ ಹೊತ್ತೇ? ಹೋಗಿ, ಹೋಗಿ. ಎಲ್ಲರೂ ಸದ್ದಿಲ್ಲದೆ, ಮಿನುಗದೆ ಹೋಗಿಬಿಟ್ಟಿದ್ದಾರೆ. ಇಷ್ಟು ಹೊತ್ತೂ ಮಿಣಮಿಣ ಅನ್ನುತ್ತಿದ್ದವನು ನಾನೊಬ್ಬನೇ.

ಉಳಿದವರು ಮೈಕಿನವರೊಬ್ಬರೇ. ಕೊನೆಯವರೆಗೂ ಕೇಳಿಸಿಕೊಂಡ ನಿಮಗೆ ನನ್ನ ಕೃತಜ್ಞತೆಗಳು. ಇನ್ನು ಮೈಕು ಆರಿಸಬಹುದು. ನನ್ನನ್ನು ಯಾರೂ ಕರೆದಿಲ್ಲ, ನಿಜ. ಆದರೂ ಕೇಳುತ್ತೇನೆ, ತಾರಸಿಗೆ ಮೆಟ್ಟಿಲು ಯಾವ ಕಡೆ ಸ್ವಾಮಿ?

ನಮಸ್ಕಾರ.