ಓ ಅಲ್ಲ, ಓವರ್

ಲಿಂಗಸುಗೂರಿನಲ್ಲಿ ಕೊನೆಯ ಬಸ್ಸಿಳಿದಾಗ ರಾತ್ರಿ ಹನ್ನೊಂದೂವರೆ. ನನ್ನ ಹೆಗಲ ಮೇಲೆ ಗೋಣಿಚೀಲ. ಚೀಲದೊಳಗೆ ಹದಿನೆಂಟು ಕಿಲೋ ತೂಕದ ಹಳೆಯ ವಾಲ್ವ್ ರೇಡಿಯೋ. ಬರೀ ಹಾಡು ಕೇಳುವ ರೇಡಿಯೋ ಅಲ್ಲ, ನಾವಾಡಿದ್ದು ಆ ಕಡೆ ಹೋಗುತ್ತದೆ, ಆ ಕಡೆಯದು ನಮಗೆ ಬರುತ್ತದೆ, ಅಂಥದ್ದು. ಪಕ್ಕದಲ್ಲಿ ನನ್ನ ಕಾಕಾನ ಮಗಳು ಭಾಗ್ಯಶ್ರೀ. ಅದರ ಮೈಕನ್ನು ಎದೆಗೆ ಅವಚಿಕೊಂಡು ನಡೆಯುತ್ತಿದ್ದಳು.

ಅವಳ ಮನೆಯ ಓಣಿಗೆ ಹೋಗಲು ಹಾಳುಬಾವಿ ದಾಟಬೇಕು. ಬಾವಿಯ ಮೇಲೆ ಬಾಗಿದ ಆಲದ ಮರ. ನೀರು ಬತ್ತಿ ಎಷ್ಟೋ ವರ್ಷ. ಕಂಬವಿತ್ತು, ದೀಪವಿರಲಿಲ್ಲ. ಬಾವಿಯ ಕಟ್ಟೆಗೆ ಹತ್ತಿರ ಬಂದೆವು...

ಕಿಟ್.

ಚೀಲದೊಳಗೆ. ಸ್ವಿಚ್ಚು ಒತ್ತಿದಂಥ ಸಪ್ಪಳ. ಹಿಂದೆಯೇ ಕರ್ರ್ರ್... ಜೋಳದ ಒಣಗರಿಯ ರವದಿ ಎಳೆದಂತೆ. ಆಮೇಲೆ, ಯಾರೋ ಮಾತಾಡುವ ಮುನ್ನ ಉಸಿರು ಎಳೆದುಕೊಂಡ ಹಾಗೆ.

"ಕೇಳಿಸ್ತೇನಣ್ಣ?" ಭಾಗ್ಯಶ್ರೀ ಪಿಸುಗುಟ್ಟಿದಳು.

"ನಟ್ಟು ಸಡಿಲ ಆಗೈತಿ. ನಡಿ."

"ನಟ್ಟು ಉಸಿರು ಹಾಕ್ತಾವೇನು?"

"ನಡಿ ಅಂದ್ನಿಲ್ಲ..."

ನಾನು ಸಿಂಧನೂರಿನಲ್ಲಿ ಮೂವತ್ತು ವರ್ಷದಿಂದ ಪಂಪ್‌ಸೆಟ್ ಮಾರುತ್ತೇನೆ. ಯಾವ ನಟ್ಟು ಯಾವ ಸಪ್ಪಳ ಮಾಡುತ್ತದೆ ಗೊತ್ತು. ಕರೆಂಟಿನ ವೈರು ನನ್ನ ಕಿಸೆಯಲ್ಲಿತ್ತು. ಸೆಟ್ಟಿನಲ್ಲಿ ಬ್ಯಾಟರಿ ಇರಲಿಲ್ಲ. ಆದರೂ ನಟ್ಟು ಅಂದೆ. ಕತ್ತಲಲ್ಲಿ ಬೇರೇನು ಹೇಳಲಿ?

ಆ ಸೆಟ್ಟು ಅವಳಿಗೆ ಯಾಕೆ ಬೇಕಿತ್ತು, ಅದನ್ನು ಹೇಳಬೇಕು. ಭಾಗ್ಯಶ್ರೀ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾಳೆ. ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋದ ಲೈಸೆನ್ಸು ಪಡೆದು ಎರಡು ವರ್ಷವಾಗಿತ್ತು, ಸ್ವಂತ ಸೆಟ್ಟಿರಲಿಲ್ಲ. ಭಾನುವಾರ ಮುಂಜಾನೆ ಏಳಕ್ಕೆ ಈ ಹವ್ಯಾಸದ ಕ್ಲಬ್ಬಿನ ಮಂದಿ ತಂತಮ್ಮ ಸೆಟ್ಟಿನ ಮುಂದೆ ಕೂತು ಗಾಳಿಯಲ್ಲೇ ಹಾಜರಿ ಹಿಡಿಯುತ್ತಾರೆ. ಹಿಂದಿನ ಭಾನುವಾರ ಬೇರೆಯವರ ಮೈಕಿಗೆ ಕೈ ಚಾಚಿದ್ದಳಂತೆ. ಒಬ್ಬ ಹಿರಿಯ, "ತಂಗಿ, ನೀ ಬರೇ ಕೇಳು, ಸಾಕು" ಅಂದ. ಅವತ್ತು ಮನೆಗೆ ಬಂದು ಅನ್ನ ತಿನ್ನಲಿಲ್ಲ. "ಬರೋ ಭಾನುವಾರ ನನ್ನ ಸೆಟ್ಟು, ನನ್ನ ದನಿ. ಹಾಜರಿ ಹಾಕೇ ಹಾಕ್ತೀನಿ" ಅಂದಳು. ಶುಕ್ರವಾರ ನನ್ನನ್ನು ಮಸ್ಕಿಗೆ ಎಳೆದುಕೊಂಡು ಹೋದಳು.

ಮಸ್ಕಿಯಲ್ಲಿ ರಾಜೇಸಾಬನ ಗುಜರಿ ಅಂಗಡಿ. ಅಗ್ಗದವು ಎರಡು ಸೆಟ್ಟಿದ್ದವು. ಒಂದು ಬೂದುಬಣ್ಣದ್ದು, ಮೈಮೇಲೆ ಒಂದು ಗೀರಿಲ್ಲ, ಗುಂಡಿಗಳು ಮದುವೆಗೆ ಹೊರಟಂತೆ ಫಳಫಳ. ಇನ್ನೊಂದು ಹಸಿರುಗಪ್ಪು, ಮೂಲೆ ತಗ್ಗಿದ್ದು, ಅಂಕಿಯ ಗಾಜು ಸೀಳಿದ್ದು. ಅವಳ ಕಣ್ಣು ಬೂದುಬಣ್ಣದ್ದರ ಮೇಲೆ.

ನಾನು ಎರಡಕ್ಕೂ ಕರೆಂಟು ಕೊಡಿಸಿದೆ. ಒಳಗಿನ ಗಾಜಿನ ಬುಡ್ಡಿಗಳು, ಅಂದರೆ ವಾಲ್ವು, ಕಾಯ್ದು ಕೆಂಪಾಗುವ ತನಕ ಇಂಥ ಸೆಟ್ಟು ಮೂಗ. ಗಡಿಯಾರ ಹಿಡಿದೆ. ಬೂದುಬಣ್ಣದ್ದು ದನಿ ತೆಗೆಯಲು ನಲವತ್ತು ಸೆಕೆಂಡು, ಜೊತೆಗೆ ಗುಂಯ್ ಅನ್ನುವ ನರಳಾಟ. ಒಳಗೆ ಕಂಡೆನ್ಸರು ಉಬ್ಬಿದ್ದವು. ಅದರ ದೊಡ್ಡ ವಾಲ್ವು ಹಳೇ ಟೀವಿಯ ಜಾತಿಯವು, ಸುಟ್ಟರೆ ಎಲ್ಲಿಂದ ತರುವುದು? ಹಸಿರಿಗೆ ಇಪ್ಪತ್ತೆಂಟೇ ಸೆಕೆಂಡು, ಸಣ್ಣಗೆ ಒಂದು ಗುಂಯ್, ಆಮೇಲೆ ದನಿ. ವಾಲ್ವು ಎಲ್ಲಾ ಕಡೆ ಸಿಗುವಂಥವು.

"ಚೆಂದ ನೋಡಿ ಸೊಸಿ ತರಾಕ ಬಂದಿಯೇನು? ಬಿಡಿಭಾಗ ಸಿಗೋದನ್ನ ತಗೋ" ಅಂದೆ.

ಆಮೇಲೆ ರೂಢಿಯಂತೆ ಹಸಿರು ಸೆಟ್ಟನ್ನು ಮಗುಚಿ ಅಡಿ ನೋಡಿದೆ. ರಾಜೇಸಾಬ್ ಮಾರಿದ ಮಾಲಿಗೆಲ್ಲ ಸುಣ್ಣದ ಗುರುತು ಹಾಕುತ್ತಾನೆ, ವಾಪಸ್ ಬಂದರೆ ಅಡ್ಡಗೀಟು ಎಳೆಯುತ್ತಾನೆ. ಅಲ್ಲಿ ಮೂರು ಗುರುತು, ಮೂರಕ್ಕೂ ಅಡ್ಡಗೀಟು.

"ಇದೇನ್ರಿ ಸಾಬ್?"

ರಾಜೇಸಾಬ್ ದನಿ ತಗ್ಗಿಸಿದ. "ಝೂಟ್ ಹೇಳಂಗಿಲ್ರಿ ಸಾವ್ಕಾರ್ರ. ಇದು ತುರ್ವಿಹಾಳದ ಅಂಬಪ್ಪ ಮಾಸ್ತರ್ದು. ಮೈಕ್ ಹಿಡಕೊಂಡು ಓವರ್ ಅಂದಾರ... ಆ ಕಡಿಯಿಂದ ಜವಾಬು ಬರೋದ್ರಾಗ ಜೀವ ಹೋಗೈತಿ. ಆವಾಗಿಂದ ರಾತ್ರಿ ಹೆಸರು ಹಿಡದು ಕರೀತೈತಂತ. ತಗೊಂಡ ಮೂವರೂ ಓ ಅನ್ನದಂಗ ಓಡಿ ಬಂದಾರ."

ಓವರ್ ಅಂದರೆ ಏನು ಅಂತ ಭಾಗ್ಯಶ್ರೀ ಹೇಳಿದಳು. ನನ್ನ ಮಾತಾಯಿತು, ಇನ್ನು ನಿನ್ನ ಸರದಿ ಅಂತ. ಮಾತು ಪೂರಾ ಮುಗಿದರೆ ಔಟ್ ಅನ್ನಬೇಕಂತೆ.

ನಾನು ಆ ದೆವ್ವವನ್ನೂ ಒಂದು ಐಬು ಅಂತ ಹಿಡಿದು ಚೌಕಾಸಿ ಮಾಡಿ ಕೊಂಡೆ. ತಪ್ಪು ನನ್ನದೇ, ಈಗ ಒಪ್ಪುತ್ತೇನೆ.

ಮನೆ ಮುಟ್ಟಿದೆವು. ಭಾಗ್ಯಶ್ರೀಯ ತಾಯಿ, ನನ್ನ ಚಿಗವ್ವ ಕಸ್ತೂರೆಮ್ಮ ಎದ್ದೇ ಇದ್ದಳು. ಮಾಳಿಗೆಯ ಮೇಲೆ ರೇಡಿಯೋದ ಏರಿಯಲ್ ತಂತಿ ಮೊದಲೇ ಕಟ್ಟಿತ್ತು. ಭಾಗ್ಯಶ್ರೀ ವೈರು ಸಿಗಿಸಿದಳು, ಸ್ವಿಚ್ಚು ಹಾಕಿದಳು. ನಾನು ಗಡಿಯಾರ ನೋಡಿದೆ.

ಒಂದು... ಎರಡು...

"ಭಾಗ್ಯಶ್ರೀ..."

ವಾಲ್ವು ಇನ್ನೂ ಕಪ್ಪಗೇ ಇದ್ದವು. ಮುದಿ ಗಂಡಸಿನ ದನಿ, ಬಾವಿಯೊಳಗಿಂದ ಮೇಲೆ ಬಂದಂತೆ.

ಅವಳು ಹುಬ್ಬು ಗಂಟಿಕ್ಕಿದಳು. ಕ್ಲಬ್ಬಿನ ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡಳು. ಗಾಳಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಒಬ್ಬೊಬ್ಬರಿಗೂ ಒಂದು ಕಾಲ್‌ಸೈನ್ ಇರುತ್ತದೆ. ಮೈಕಿನ ಗುಂಡಿ ಒತ್ತಿ ಗದರಿದಳು. "ಯಾರದು? ಕಾಲ್‌ಸೈನ್ ಹೇಳ್ರಿ. ಓವರ್."

ಚಿಗವ್ವ ಎದೆಗೆ ಕೈ ಬಡಿದುಕೊಂಡಳು. "ಅಯ್ಯ ನಮ್ಮವ್ವ! ರಾತ್ರ್ಯಾಗ ಮೂರು ಸಲ ಕರಿಯೋ ತನ ಓ ಅನಬಾರದು. ಒಂದ ಕೂಗಿಗೆ ಓ ಅಂದೆಲ್ಲಬೇ!"

"ನಾ ಓ ಅಂದಿಲ್ಲ ಯವ್ವ, ಓವರ್ ಅಂದೀನಿ."

"ಓ ಅಂದ ಮ್ಯಾಲೇ ವರ್ ಅಂದೀ!"

ನನಗೆ ನಗು ಬಂತು. ಬಾಯಿವರೆಗೆ ಬಂದ ನಗು ಅಲ್ಲೇ ನಿಂತಿತು.

"ಓವರ್..." ಸೆಟ್ಟು ಅಂದಿತು. "ಓವರ್... ಓವರ್..." ಈ ಸಲ ಮುದುಕನ ದನಿಯಲ್ಲ. ಭಾಗ್ಯಶ್ರೀಯದೇ.

ಅವಳು ಬಾಯಿ ತೆರೆದಳು. ತುಟಿ ಅಲ್ಲಾಡಿದವು, ಕೊರಳ ನರ ಉಬ್ಬಿತು. ಗಾಳಿ ಕೂಡ ಬರಲಿಲ್ಲ.

ಶನಿವಾರ ಡಾಕ್ಟರ ಹತ್ತಿರ ಹೋಗಿ ಬಂದೆವು. ಗಂಟಲು ಚೆನ್ನಾಗಿದೆ ಅಂದರು. ಚಿಗವ್ವ ಅತ್ತು ಅತ್ತು, "ಮಸ್ಕಿಗೆ ಒಯ್ದು ಒಗದು ಬಾರಪ್ಪ" ಅಂತ ನನ್ನ ಬೆನ್ನು ಬಿದ್ದಳು. ನಾನೂ ರಾಜೇಸಾಬನಿಗೆ ಫೋನ್ ಮಾಡಿದೆ. ಹಸಿರು ತಗೊಂಡು ಬೂದುಬಣ್ಣದ್ದು ಕೊಡುತ್ತೇನೆ ಅಂದ. ಕೆಟ್ಟ ಮಾಲು ಬದಲಿಸಿಕೊಂಡು ಬರುವುದು, ನನಗೆ ಗೊತ್ತಿರುವ ದಾರಿ ಅದೊಂದೇ.

ಭಾಗ್ಯಶ್ರೀ ಪೆನ್ನು ಕಿತ್ತುಕೊಂಡು ಕಾಗದದ ಮೇಲೆ ಬರೆದಳು: "ವಾಪಸ್ ಕೊಟ್ರ ನನ್ನ ದನಿ ಅದರಾಗೇ ಹೋಗ್ತೈತಿ. ಕೊಡಂಗಿಲ್ಲ."

ರಾಜೇಸಾಬನಿಗೆ ಮತ್ತೆ ಫೋನ್ ಮಾಡಿ ಬೇಡ ಅಂದೆ.

ಆ ರಾತ್ರಿ ಅವಳು ಪೆಟ್ಟಿಗೆಯಿಂದ ಒಂದು ಹಿತ್ತಾಳೆಯ ಕೀಲಿ ತೆಗೆದಳು. ತಾರು ಕಚೇರಿಯಲ್ಲಿ ಟೆಲಿಗ್ರಾಂ ಕುಟ್ಟುತ್ತಿದ್ದರಲ್ಲ, ಅಂಥದ್ದು. ಮಾತಿಲ್ಲದೆ ಬೆರಳಲ್ಲಿ ಸುದ್ದಿ ಕಳಿಸುವ ವಿದ್ಯೆ. ಸೆಟ್ಟಿನ ಹಿಂದೆ ಅದಕ್ಕೊಂದು ತೂತೂ ಇತ್ತು. ಸಿಗಿಸಿದಳು. ಸ್ವಿಚ್ಚು ಹಾಕಿದ ಕೂಡಲೇ ಅವಳ ದನಿ ಒಳಗಿಂದ ಅವಳನ್ನೇ ಕರೆಯಿತು. "ಭಾಗ್ಯಶ್ರೀ... ಓವರ್... ಭಾಗ್ಯಶ್ರೀ..."

ಚಿಗವ್ವ ಕಿವಿ ಮುಚ್ಚಿಕೊಂಡಳು. ಭಾಗ್ಯಶ್ರೀ ಕುರ್ಚಿ ಇನ್ನಷ್ಟು ಮುಂದೆ ಎಳೆದುಕೊಂಡಳು. ನನಗೆ ತಿಳಿಯಲೆಂದು ಒಂದೊಂದು ಸಾಲು ಬರೆದಿಟ್ಟು, ಆಮೇಲೆ ಕುಟ್ಟಿದಳು. ಟಕ್. ಟಕಾ-ಟಕ್. ಟಕ್.

"ಅಂಬಪ್ಪ ಮಾಸ್ತರ್ರ, ನೀವು ಅಂದದ್ದು ಮುಟ್ಟೈತಿ."

ಕರೆ ನಿಂತಿತು. ಕರ್ರ್ರ್ ಅನ್ನುವುದೊಂದೇ ಉಳಿಯಿತು.

"ನನ್ನ ದನಿ ನಿಮ್ಮದಲ್ಲ. ಇಟ್ಟು ಹೋಗ್ರಿ."

ಉಸಿರು. ನಿಧಾನಕ್ಕೆ ಒಳಗೆ ಹೋಯಿತು... ಹೊರಗೆ ಬರಲಿಲ್ಲ.

"ನಾ ಹೆದರಾಕಿ ಅಲ್ಲ. ಸೆಟ್ಟೂ ಕೊಡಂಗಿಲ್ಲ."

ಬಲ್ಬು ಮಿಣುಕಿತು. ಚಿಗವ್ವ ಶಿವಶಿವಾ ಅಂದಳು. ಭಾಗ್ಯಶ್ರೀ ಕೊನೆಯ ಸಾಲು ಬರೆಯಲಿಲ್ಲ, ನನ್ನ ಕಣ್ಣಲ್ಲಿ ಕಣ್ಣಿಟ್ಟು ತುಟಿ ಅಲ್ಲಾಡಿಸಿ ತೋರಿಸಿದಳು. ಔಟ್. ಆಮೇಲೆ ಕೀಲಿ ಮುರಿಯುತ್ತದೇನೋ ಅನ್ನುವಂತೆ ಕುಟ್ಟಿದಳು.

ವಾಲ್ವು ಒಂದೊಂದೇ ಕಂದಿದವು. ಸ್ವಿಚ್ಚು ಯಾರೂ ಮುಟ್ಟಿರಲಿಲ್ಲ. ತಗಡು ತಣ್ಣಗಾಗುವ ಸಪ್ಪಳ... ಟಿಣ್. ಟಿಣ್. ಆಮೇಲೆ ಓಣಿಯ ಆ ತುದಿಯಿಂದ, ಹಾಳುಬಾವಿಯ ಕಡೆಯಿಂದ, ಬುಳಕ್ ಅಂತ ಒಂದು ಸಪ್ಪಳ. ತುಂಬಿದ ನೀರಿಗೆ ಕೊಡ ಬಿದ್ದಂತೆ.

ಭಾಗ್ಯಶ್ರೀಯ ದನಿ ಮಾತ್ರ ಬರಲಿಲ್ಲ. ಬೆಳಗಿನ ತನಕ ಕೂತೆವು. ಬರಲಿಲ್ಲ.

ಭಾನುವಾರ, ಏಳು ಗಂಟೆ. ಸೆಟ್ಟಿನಲ್ಲಿ ಹಾಜರಿ ಶುರುವಾಯಿತು. ಒಬ್ಬೊಬ್ಬರ ಕಾಲ್‌ಸೈನ್ ಕೂಗುತ್ತಿದ್ದವನು ಅದೇ ಹಿರಿಯ. ಇವಳದು ಬಂತು. "ಹೊಸಬರು... ಅದಾರೇನು? ಓವರ್."

"ಬ್ಯಾಡ ತಂಗಿ, ನಗ್ತಾರ" ಅಂದೆ.

ಗುಂಡಿ ಒತ್ತಿದಳು. ಬಾಯಿ ತೆರೆದಳು. ಸದ್ದಿಲ್ಲ. ಆದರೂ ಬಾಯಿ ಮುಚ್ಚಲಿಲ್ಲ, ಗುಂಡಿ ಬಿಡಲಿಲ್ಲ. ಅವಳು ಗುಂಡಿ ಒತ್ತಿರುವ ತನಕ ರೇಡಿಯೋದ ಆ ಅಲೆಯಲ್ಲಿ ಬೇರೆ ಯಾರಿಗೂ ಮಾತಾಡಲು ದಾರಿಯಿಲ್ಲ. ಊರೂರಿನ ಮಂದಿ ಅವಳ ಮೌನ ಕೇಳುತ್ತ ಕೂತಿದ್ದರು. ನನ್ನ ಕಣ್ಣು ಗಡಿಯಾರದ ಮೇಲೆ ಹೋಯಿತು, ಅಭ್ಯಾಸ. ಹತ್ತು. ಇಪ್ಪತ್ತು. ಇಪ್ಪತ್ತೈದು. ಅವಳ ಕೊರಳಿನಲ್ಲಿ ಗುಂಯ್ ಅಂತ ಸಣ್ಣಗೆ ಎದ್ದಿತು, ಏರಿತು...

"ಅದೀನಿ!" ಅಂದಳು. ಓಣಿಯವರೆಲ್ಲ ಎದ್ದರು. "ಲಿಂಗಸುಗೂರಿನಿಂದ ಮಾತಾಡಾಕತ್ತೀನಿ. ಇನ್ನ ಬರೇ ಕೇಳಂಗಿಲ್ಲ. ಓವರ್!"

ಸೆಟ್ಟು ಅವಳಲ್ಲೇ ಇದೆ. ಅಡಿಯಲ್ಲಿ ನಾಲ್ಕನೆಯ ಸುಣ್ಣದ ಗುರುತು, ಅದಕ್ಕೆ ಅಡ್ಡಗೀಟಿಲ್ಲ. ಸೆಟ್ಟು ಈಗ ಸ್ವಿಚ್ಚು ಹಾಕಿದ ಕೂಡಲೇ ಮಾತಾಡುತ್ತದೆ, ವಾಲ್ವು ಕೆಂಪಾಗುವುದಕ್ಕೆ ಕಾಯುವುದಿಲ್ಲ. ಕಾಯುವುದು ಭಾಗ್ಯಶ್ರೀ. ದಿನಾ ಮುಂಜಾನೆ ಎದ್ದು "ಯವ್ವ, ಚಾ" ಅನ್ನಲು ಬಾಯಿ ತೆರೆಯುತ್ತಾಳೆ. ಮೊದಲು ಏನೂ ಬರುವುದಿಲ್ಲ. ಆಮೇಲೆ ಗುಂಯ್. ಆಮೇಲೆ ಮಾತು. ಚಿಗವ್ವ ಅಷ್ಟರಲ್ಲಿ ಚಹಾ ಸೋಸಿರುತ್ತಾಳೆ.

ಕಣ್ಣಾರೆ ಕಾಣದ ಮಾಲನ್ನು ನಾನು ಇವತ್ತಿನವರೆಗೆ ಯಾರಿಗೂ ಮಾರಿಲ್ಲ. ಇದನ್ನೂ ಕಂಡೇ ಹೇಳುತ್ತಿದ್ದೇನೆ. ಹೋದ ಸಲ ಅವರ ಮನೆಯಲ್ಲಿ ಉಳಿದಾಗ, ಮಸ್ಕಿಯಲ್ಲಿ ಸೆಟ್ಟಿಗೆ ಹಿಡಿದಂತೆ ಅವಳಿಗೂ ಗಡಿಯಾರ ಹಿಡಿದು ಎಣಿಸಿದೆ.

ಇಪ್ಪತ್ತೆಂಟು ಸೆಕೆಂಡು.