ಪೈಪಿನ ಬಾಯಿಗೆ ಕಟ್ಟಿದ ಕಾಲುಚೀಲ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಹಿಡಿದು ಕೂತಿದ್ದ ಹೊಲಿಗೆಯವಳಿಗೆ ಪಕ್ಕದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಬಟ್ಟೆ ಒಣಗಿಸೋ ಮಷೀನ್ ಕೈ ಕೊಡ್ತಿದೆ ಅಕ್ಕ. ಎರಡೆರಡು ಸಲ ಹಾಕಿದ್ರೂ ಟವೆಲ್ ಹಸಿಹಸಿ.”

“ತುಂಬಾ ತುರುಕ್ತೀಯೇನೋ.”

“ಅರ್ಧಾನೇ ಹಾಕೋದು. ಜಾಲರಿಯ ಧೂಳೂ ಪ್ರತಿ ಸಲ ತೆಗೀತೀನಮ್ಮ.”

“ಮತ್ತೆ ಬಿಸಿಗಾಳಿ ಹೊರಗೆ ಹೋಗೋ ಪೈಪು?”

“ಅದರ ಗೋಳು ಕೇಳಬೇಡ. ನೂಲಿನ ಧೂಳೆಲ್ಲ ತನ್ನ ಗಿಡಗಳ ಮೇಲೆ ಉದುರತ್ತೆ ಅಂತ ಕೆಳಗಿನ ಮನೆಯವಳು ಜಗಳಕ್ಕೇ ಬಂದ್ಲು. ಪೈಪಿನ ಬಾಯಿಗೆ ನಮ್ಮ ಯಜಮಾನರ ಹಳೇ ಕಾಲುಚೀಲ ಕಟ್ಟಿಬಿಟ್ಟೆ. ಹೆಂಗೆ ನನ್ನ ತಲೆ?”

ಅಕ್ಕ ನಗಲಿಲ್ಲ.

“ಯಾವಾಗ ಕಟ್ಟಿದ್ದು?”

“ಚಳಿಗಾಲಕ್ಕೂ ಮುಂಚೆ.”

“ಬಿಚ್ಚಿ ಒದರಿದ್ದೀಯಾ?”

“ಒಂದು ಸಲಾನೂ ಇಲ್ಲ.”

“ಅಯ್ಯೋ ಪುಣ್ಯಾತ್ಗಿತ್ತೀ, ಧೂಳು ಕಟ್ಕೊಂಡು ಬಿಸಿಯೆಲ್ಲ ಒಳಗೇ ನಿಂತಿದೆ. ಹತ್ತಿಕೊಳ್ಳೋಕೆ ಒಂದು ಕಿಡಿ ಸಾಕು. ಈಗ ಆರಿಸಿ ಬಂದಿದ್ದೀಯಾ ತಾನೆ?”

“ಇಲ್ಲ... ಹಾಕಿ ಬಂದಿದ್ದೀನಿ. ಪಕ್ಕದ ರೂಮಲ್ಲೇ ಅತ್ತೆ ಮಲಗಿದಾರೆ.”

“ಫೋನ್ ಮಾಡೇ!”

ರಿಂಗಾಯಿತು, ನಿಂತಿತು. ಮತ್ತೆ ರಿಂಗಾಯಿತು.

“ಎತ್ತುತ್ತಿಲ್ಲ ಅಕ್ಕ. ಮಲಗುವಾಗ ಕಿವಿ ಮಷೀನ್ ತೆಗೆದಿಡ್ತಾರೆ.”

“ಕೆಳಗಿನ ಮನೆಯವಳಿಗೆ ಮಾಡು!”

“ಜಗಳದ ದಿನವೇ ಅವಳ ನಂಬರ್ ಅಳಿಸಿಬಿಟ್ಟೆ.”

“ಏಳು, ಏಳು!”

ಚಪ್ಪಲಿ ಸದ್ದು ದಡದಡನೆ ಮೆಟ್ಟಿಲಿಳಿದು ಹೋಯಿತು. ನರ್ಸ್ ಬಂದು ತಂಗಿಯ ಸರದಿ ಕೂಗಿದಳು. ಖಾಲಿ ಕುರ್ಚಿಯ ಮೇಲೆ ಗಾಬರಿಯಲ್ಲಿ ಬಿಟ್ಟುಹೋದ ಫೋನು ನಡುಗತೊಡಗಿತು. ಪರದೆಯ ಮೇಲೆ ‘ಅತ್ತೆ’ ಅಂತಿತ್ತು.

ಹೊಲಿಗೆಯವಳ ಕೈ ಫೋನಿನವರೆಗೂ ಹೋಯಿತು. ಎತ್ತುವ ಧೈರ್ಯ ಬರಲಿಲ್ಲ.