ಕಿರುಚುವ ಪಾತ್ರ

ಡಬ್ಬಿಂಗ್ ಸ್ಟುಡಿಯೋದ ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಹತ್ತು ವರ್ಷದಿಂದ ಕಾರ್ಟೂನ್ ಸಿನಿಮಾ ಸರಣಿಯ ಹಾರುವ ವೀರನಿಗೆ ಅವನ ದನಿ, ವೀರನ ಹೆಂಡತಿಗೆ ಅವಳದು. ಎದುರಿನ ಮೇಜಿನಲ್ಲಿ ಬಂದವರ ಹೆಸರು ಬರೆದುಕೊಳ್ಳುತ್ತಿದ್ದ ಹೆಂಗಸಿಗೆ, ಕಿವಿ ಇದ್ದ ಮೇಲೆ ಕೇಳಿಸದೆ ಇರುತ್ತದೆಯೇ?

“ನನಗೆ ಡೈಲಾಗು ಒಂದೇ ಹಾಳೆ ಕೊಟ್ಟಿದಾರಲ್ರೀ.”

“ಈ ಸಲ ಕಥೆ ಬೇರೆ ಲೋಕದ್ದು ಕಣೆ. ಅಲ್ಲಿ ವೀರ ಕೆಟ್ಟವನು. ಮೊದಲ ಸೀನಲ್ಲೇ ಹೆಂಡತೀನ ಕೊಂದು ರಾಜ ಆಗ್ತಾನೆ.”

“ಮತ್ತೆ ರಾಣಿ?”

“ಹೊಸಬಳು ಬಂದಿದಾಳೆ. ನಾನೇ ಹೇಳಿ ಹಾಕಿಸಿದೆ.”

“ನನ್ನ ಹೆಸರು ಬಾಯಿಗೆ ಬರಲಿಲ್ವಾ?”

“ಬಂತಲ್ಲ! ಕಿರುಚೋ ಪಾತ್ರಕ್ಕೆ ನಮ್ಮವಳೇ ಸರಿ, ಮನೇಲಿ ಅಭ್ಯಾಸ ಇದೆ ಅಂದೆ. ಎಲ್ಲರೂ ನಕ್ಕರು.”

ಅವಳು ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡಳು.

“ನೀವು ತಮಾಷೆಗೆ ಅಂದ್ರಿ ಅಂದ್ಕೊಂಡಿರ್ತಾರೆ.”

“ಮತ್ತಿನ್ನೇನು? ನಿಜ ಅಂತ ನೀನು ಹೋಗಿ ಹೇಳ್ತೀಯಾ?”

ಒಳಗಿಂದ ಕರೆ ಬಂತು.

“ಏಳು. ಗಂಟಲು ಬಿಟ್ಟು ಕಿರುಚು. ಇಲ್ಲಿ ಗೋಡೆ ದಪ್ಪ, ಪಕ್ಕದ ಮನೆಯವರು ಬಂದು ಬಾಗಿಲು ಬಡಿಯಲ್ಲ.”

ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಮೇಜಿನ ಹೆಂಗಸು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ.